ಗಾಂಧಿನಗರದ ಭಟ್ರ ಹೋಟ್ಲು: ಗೋಳಿಬಜೆಗೂ ಸರಿ, ಅವಾರ್ಡ್ ಮಾತಿಗೂ ಸರಿ

ಗಾಂಧಿನಗರದಲ್ಲಿ ಸಿನಿಮಾ ಆಫೀಸುಗಳಿರೋ ಒಂದು ಕ್ರಾಸಲ್ಲಿ ಈ ಹೋಟ್ಲಿದೆ. ಬೋರ್ಡಲ್ಲಿ ಬೇರೆ ಹೆಸರಿದ್ರೂ ಎಲ್ರೂ ಭಟ್ರ ಹೋಟ್ಲು ಅಂತಾನೇ ಕರಿಯೋದು, ಭಟ್ರು ಕುಂದಾಪುರದ ಕಡೆಯವ್ರು. ಒಳಗೆ ಆರು ಟೇಬಲ್, ಹೊರಗೆ ನಿಂತ್ಕೊಂಡು ಕುಡಿಯೋರಿಗೆ ಒಂದು ಕಲ್ಲುಕಟ್ಟೆ, ಗೋಡೆ ಮೇಲೊಂದು ಹಳೇ ಟಿವಿ, ಅಷ್ಟೇ. ನಾನು ನಾಲ್ಕೈದು ವರ್ಷದಿಂದ ಹೋಗ್ತಿದೀನಿ, ಆದ್ರೆ ಬರೀಲೇಬೇಕು ಅಂತ ಅನ್ಸಿದ್ದು 2024ರ ಆಗಸ್ಟ್ ಆದ್ಮೇಲೆ.

ಮೊದ್ಲು ತಿಂಡಿ ವಿಷ್ಯ ಹೇಳ್ಬಿಡ್ತೀನಿ. ಬನ್ಸ್ ಚೆನ್ನಾಗಿರತ್ತೆ, ಬಾಳೆಹಣ್ಣಿನ ವಾಸನೆ ಬರತ್ತೆ, ಎಣ್ಣೆ ಕುಡಿದಿರಲ್ಲ. ಗೋಳಿಬಜೆಗೆ ಮಾತ್ರ ಟೈಮ್ ನೋಡ್ಕೊಂಡೇ ಹೋಗ್ಬೇಕು, ಸಂಜೆ ನಾಲ್ಕೂವರೆಗೆ ಮೊದಲ ಬಾಣಲೆ ಇಳಿಯತ್ತೆ, ಹೊರಗೆ ಗರಿಗರಿ, ಒಳಗೆ ಹತ್ತಿ ಥರ, ಜೊತೆಗೆ ಹಸಿಮೆಣಸಿನಕಾಯಿ ಹಾಕಿದ ಕಾಯಿಚಟ್ನಿ. ಕಾಫಿ ಡಿಕಾಕ್ಷನ್ ಗಟ್ಟಿ ಇರತ್ತೆ ಆದ್ರೆ ಸಕ್ಕರೆ ಜಾಸ್ತಿ, ಕಮ್ಮಿ ಹಾಕಿ ಅಂತ ಪ್ರತಿ ಸಲ ಹೇಳ್ಬೇಕು. ಕೈ ತೊಳಿಯೋ ಜಾಗ ಇಕ್ಕಟ್ಟು, ಗಾಡಿ ನಿಲ್ಸೋಕಂತೂ ಜಾಗಾನೇ ಇಲ್ಲ, ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಬಂದು ನಡ್ಕೊಂಡು ಹೋಗೋದು ಒಳ್ಳೇದು.

ಆದ್ರೆ ನಾನು ಇಲ್ಲಿಗೆ ಹೋಗೋದು ಕೂತ್ಕೊಂಡು ಮಾತಾಡೋಕೆ ಬಿಡ್ತಾರೆ ಅಂತ. ಈಗ ಬೆಂಗಳೂರಲ್ಲಿ ಕಾಫಿ ಮುಗೀತಿದ್ದ ಹಾಗೆ ಲೋಟ ಎತ್ಕೊಂಡು ಹೋಗಿ ಟೇಬಲ್ ಒರೆಸೋಕೆ ಶುರು ಮಾಡೋ ಜಾಗಗಳೇ ಜಾಸ್ತಿ. ಇಲ್ಲಿ ಒಂದು ಕಾಫಿಗೆ ಒಂದೂವರೆ ಗಂಟೆ ಕೂತ್ರೂ ಯಾರೂ ಏನೂ ಅನ್ನಲ್ಲ. ಜಗಳ ಜೋರಾದಾಗ ಭಟ್ರು ಗಲ್ಲಾದಿಂದಾನೇ "ಹ್ವಾಯ್, ಕಾಫಿ ತಣ್ಣಗಾತ್ತ್ ಮರ್ರೆ, ಕುಡ್ದ್ ಮಾತಾಡಿ" ಅಂತಾರೆ, ಅಷ್ಟೇ.

2024ರ ಜುಲೈ ಆಗಸ್ಟಲ್ಲಿ ಇಲ್ಲಿ ಇದ್ದಿದ್ದು ಒಂದೇ ಮಾತು, ರಿಷಬ್ ಶೆಟ್ಟಿಗೆ ನ್ಯಾಷನಲ್ ಅವಾರ್ಡ್ ಬರತ್ತೋ ಇಲ್ವೋ. 70ನೇ ಸಾಲಿನ ಪ್ರಶಸ್ತಿ, 2022ರಲ್ಲಿ ಸೆನ್ಸಾರ್ ಆದ ಸಿನಿಮಾಗಳಿಗೆ ಕೊಡೋದು, ಕಾಂತಾರ ರಿಲೀಸ್ ಆಗಿದ್ದೇ 2022ರ ಸೆಪ್ಟೆಂಬರ್ 30ಕ್ಕೆ, ಹಾಗಾಗಿ ಲೆಕ್ಕಕ್ಕೆ ಬರತ್ತೆ. ನಮ್ಮ ಟೇಬಲ್ಲಲ್ಲಿ ಇಬ್ರು ಯಶ್ ಫ್ಯಾನ್ಸು, ಅವರ ಕೆಜಿಎಫ್ 2 ಕೂಡ ಅದೇ ವರ್ಷದ್ದು, ಅವರ ವಾದ ಏನಂದ್ರೆ ಕ್ಲೈಮ್ಯಾಕ್ಸ್ ಬಿಟ್ರೆ ರಿಷಬ್ ಮಾಡಿದ್ದು ಊರಿನ ಒಬ್ಬ ಒರಟು ಹುಡುಗನ ಪಾತ್ರ ಅಷ್ಟೇ, ಕೊನೇ ಹತ್ತಿಪ್ಪತ್ತು ನಿಮಿಷಕ್ಕೆ ಬೆಸ್ಟ್ ಆಕ್ಟರ್ ಕೊಡ್ತಾರಾ ಅಂತ.

ನಂಗೆ ಇದಕ್ಕೆ ಸಿಕ್ಕಾಪಟ್ಟೆ ಬೇಜಾರಾಗಿತ್ತು. ಯಾಕಂದ್ರೆ ಆ ಕ್ಲೈಮ್ಯಾಕ್ಸ್ ನಿಲ್ಲೋದೇ ಅದಕ್ಕೆ ಮುಂಚೆ ರಿಷಬ್ ಮಾಡಿರೋ ಶಿವನ ಪಾತ್ರ ಹಾಗಿರೋದ್ರಿಂದ. ಕಂಬಳ ಓಡ್ಸೋನು, ಬೇಟೆಗೆ ಹೋಗೋನು, ಅಮ್ಮನ ಹತ್ರ ಬೈಸ್ಕೊಳ್ಳೋನು, ಕನಸಲ್ಲಿ ದೈವ ಕಂಡು ಬೆಚ್ಚಿ ಎದ್ದೇಳೋನು, ಆ ಮನುಷ್ಯನ ಮೈ ಮೇಲೆ ಗುಳಿಗ ದೈವ ಬಂದಾಗ ಕಣ್ಣು, ಕುತ್ತಿಗೆ, ಉಸಿರು ಎಲ್ಲಾನೂ ಬೇರೆ ಆಗತ್ತೆ ನೋಡಿ, ಅದು ಮೇಕಪ್ಪಿಂದ ಬರೋದಲ್ಲ. ಕೊನೇಗೆ ಎಲ್ಲರ ಕೈ ಹಿಡಿದು ಎದೆಗೆ ಇಟ್ಕೊಳ್ಳೋ ಕಡೆ ಒಂದು ಡೈಲಾಗೂ ಇಲ್ಲ. ಅಪ್ಪನ ಪಾತ್ರಾನೂ ಅವರದ್ದೇ, ಕಥೆ ನಿರ್ದೇಶನಾನೂ ಅವರದ್ದೇ. ಇಷ್ಟನ್ನೂ ಒಂದೇ ಉಸಿರಲ್ಲಿ ಹೇಳಿದೀನಿ ಆವತ್ತು.

ಇಲ್ಲಿಗೆ ದಿನಾ ಸಂಜೆ ಬರೋ ಹಿರಿಯರೊಬ್ರಿದಾರೆ, ಮುಂಚೆ ಪ್ರೊಡಕ್ಷನ್ ಮ್ಯಾನೇಜರ್ ಆಗಿದ್ದವ್ರು, ನಾವೆಲ್ಲಾ ಮೇಷ್ಟ್ರೇ ಅಂತೀವಿ. ಅವ್ರು ಕೇಳಿದ್ರು, ಕನ್ನಡ ಸಿನಿಮಾಗೆ ಬೆಸ್ಟ್ ಆಕ್ಟರ್ ಇಲ್ಲಿವರೆಗೂ ಎಷ್ಟು ಸಲ ಬಂದಿದೆ ಹೇಳಿ ಅಂತ. ನಮಗೆ ಗೊತ್ತಿದ್ದಿದ್ದು ಸಂಚಾರಿ ವಿಜಯ್ ಒಬ್ರೇ, ನಾನು ಅವನಲ್ಲ ಅವಳು ಸಿನಿಮಾಗೆ. ವಿಜಯ್ ಹೆಸರು ಬಂದ ತಕ್ಷಣ ಟೇಬಲ್ ಸುಮ್ಮನಾಯ್ತು, 2021ರಲ್ಲಿ ಬೈಕ್ ಆಕ್ಸಿಡೆಂಟಲ್ಲಿ ಹೋಗ್ಬಿಟ್ರಲ್ಲ. ಮೇಷ್ಟ್ರು ಇನ್ನೆರಡು ಹೇಳಿದ್ರು, ಚೋಮನ ದುಡಿಗೆ ಎಂ.ವಿ. ವಾಸುದೇವರಾವ್, ತಬರನ ಕಥೆಗೆ ಚಾರುಹಾಸನ್. ಅಷ್ಟು ವರ್ಷದಲ್ಲಿ ಬರೀ ಮೂರು. ಅಣ್ಣಾವ್ರಿಗೆ ಫಾಲ್ಕೆ ಬಂತು, ಜೀವನ ಚೈತ್ರದ ಹಾಡಿಗೆ ಗಾಯಕ ಅಂತ ನ್ಯಾಷನಲ್ ಅವಾರ್ಡ್ ಬಂತು, ಆದ್ರೆ ನಟ ಅಂತ ಬರ್ಲೇ ಇಲ್ಲ. ಗಾಂಧಿನಗರದಲ್ಲಿ ಕೂತು ಈ ಮಾತು ಕೇಳಿದ್ರೆ ಹೊಟ್ಟೆ ಉರಿಯತ್ತೆ.

ಆಮೇಲೆ ಮೇಷ್ಟ್ರು ಹೇಳಿದ್ದು ನಂಗೆ ಇವತ್ತಿಗೂ ತಲೆಯಲ್ಲಿದೆ. ಚೋಮನ ದುಡಿ ಬರೆದ ಕಾರಂತರು ಕುಂದಾಪುರಕ್ಕೆ ಹತ್ರದ ಕೋಟದವರು, ರಿಷಬ್ ಕುಂದಾಪುರದ ಕೆರಾಡಿಯವರು. ಚೋಮನಿಗೆ ಬೇಕಿದ್ದಿದ್ದು ಉಳೋಕೆ ಒಂದು ತುಂಡು ಭೂಮಿ, ಕಾಂತಾರದಲ್ಲೂ ಜಗಳ ಇರೋದು ಭೂಮಿಗೇ. ಅಲ್ಲಿ ದುಡಿ ಬಡೀತಾನೆ, ಇಲ್ಲಿ ದೈವದ ಗಗ್ಗರ, ಅಂದ್ರೆ ಕಾಲ್ಗಡಗ, ಕಟ್ತಾನೆ, ಜ್ಯೂರಿಯಲ್ಲಿ ಇದು ಯಾರಿಗಾದ್ರೂ ಕಂಡ್ರೆ ಚಾನ್ಸಿದೆ ಅಂದ್ರು. ಗಲ್ಲಾದಲ್ಲಿ ಚಿಲ್ಲರೆ ಎಣಿಸ್ತಿದ್ದ ಭಟ್ರು ಕೈ ನಿಲ್ಸಿ ಕೇಳ್ತಾ ಇದ್ರು.

ಆದ್ರೆ ಎದುರಿಗಿದ್ದಿದ್ದು ಮಮ್ಮುಟ್ಟಿ. ಟಿವಿಯಲ್ಲೆಲ್ಲಾ ಮಮ್ಮುಟ್ಟಿ ವರ್ಸಸ್ ರಿಷಬ್ ಅಂತಾನೇ ಓಡ್ತಿತ್ತು. ನಂಪಗಲ್ ನೇರತ್ತ್ ಮಯಕ್ಕಂ ಸಿನಿಮಾಗೆ ಆಗ್ಲೇ ಅವರಿಗೆ ಕೇರಳ ರಾಜ್ಯ ಪ್ರಶಸ್ತಿ ಬಂದಿತ್ತು, ನಾನು ನೋಡಿದೀನಿ, ಮಧ್ಯಾಹ್ನ ನಿದ್ದೆಯಿಂದ ಎದ್ದವನು ಬೇರೆ ಯಾರೋ ಆಗಿ ತಮಿಳು ಹಳ್ಳಿಯಲ್ಲಿ ಓಡಾಡೋದು, ಸುಲಭದ ಪಾತ್ರ ಅಲ್ಲ. ಮೂರು ಸಲ ಬೆಸ್ಟ್ ಆಕ್ಟರ್ ತಗೊಂಡ ಮನುಷ್ಯ ಬೇರೆ. ಅದರಲ್ಲೊಂದು ವಿಧೇಯನ್ ಸಿನಿಮಾಗೂ ಸೇರಿ ಬಂದಿದ್ದು, ಅದರ ಕಥೆ ನಡಿಯೋದೇ ನಮ್ಮ ದಕ್ಷಿಣ ಕನ್ನಡದಲ್ಲಿ, ಭಾಸ್ಕರ ಪಟೇಲರ ಪಾತ್ರ, ನೋಡಿಲ್ದೇ ಇದ್ರೆ ನೋಡಿ.

ಇನ್ನೊಂದು ವಿಷ್ಯ ಕಲ್ತಿದ್ದೂ ಇದೇ ಟೇಬಲ್ಲಲ್ಲಿ. ಇದು ಫ್ಯಾನ್ಸ್ ವೋಟ್ ಹಾಕಿ ಗೆಲ್ಸೋ ಅವಾರ್ಡ್ ಅಲ್ಲ, ಪ್ರೊಡ್ಯೂಸರ್ ಎಂಟ್ರಿ ಕಳಿಸ್ಬೇಕು, ಮೊದ್ಲು ಪ್ರಾದೇಶಿಕ ಜ್ಯೂರಿ ನೋಡಿ ಆರಿಸತ್ತೆ, ಆಮೇಲೆ ಕೇಂದ್ರ ಜ್ಯೂರಿ. ಎಂಟ್ರೀನೇ ಹೋಗಿಲ್ಲ ಅಂದ್ರೆ ಎಂಥಾ ನಟನೂ ಲೆಕ್ಕಕ್ಕಿಲ್ಲ. ಮಮ್ಮುಟ್ಟಿ ವಿಷ್ಯದಲ್ಲಿ ಅದೇ ಆಗಿದ್ದು, ರಿಸಲ್ಟ್ ಬಂದ್ಮೇಲೆ ಜ್ಯೂರಿಯಲ್ಲಿದ್ದವರೇ ಹೇಳಿದ್ರು ಅವರ ಸಿನಿಮಾ ಬಂದೇ ಇರ್ಲಿಲ್ಲ ಅಂತ. ನಂಗೆ ಅದು ಖುಷಿ ಆಗ್ಲಿಲ್ಲ, ಎರಡನ್ನೂ ಎದುರುಬದುರು ಇಟ್ಟು ನೋಡಿ ರಿಷಬ್ ಗೆದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು.

ಆಗಸ್ಟ್ 16, ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ಮನೇಲಿ ಪೂಜೆ ಮುಗಿಸಿ ಊಟಕ್ಕೂ ಕೂರ್ದೇ ಬಂದ್ಬಿಟ್ಟೆ. ರಸ್ತೆ ಖಾಲಿ, ಹೋಟ್ಲಲ್ಲಿ ಹತ್ತೇ ಜನ, ಟಿವಿ ಸೌಂಡ್ ಕಮ್ಮಿ ಅಂತ ಮಾಣಿ ಸ್ಟೂಲ್ ಹತ್ತಿ ಬಟನ್ ಒತ್ತಿದ. ಬೆಸ್ಟ್ ಕನ್ನಡ ಫಿಲ್ಮ್ ಕೆಜಿಎಫ್ 2 ಅಂದಾಗ ಯಶ್ ಫ್ಯಾನ್ಸ್ ಕುಣಿದ್ರು, ಸ್ಟಂಟ್ಸ್‌ಗೂ ಅದಕ್ಕೇ ಬಂತು. ಬೆಸ್ಟ್ ಆಕ್ಟರ್ ರಿಷಬ್ ಶೆಟ್ಟಿ ಅಂತ ಬಂದಾಗ ಮೊದ್ಲು ಎದ್ದು ನಿಂತಿದ್ದೂ ಅವರಿಬ್ರೇ, ನನ್ನ ತಬ್ಬಿ ಎತ್ಬಿಟ್ರು. ಮೇಷ್ಟ್ರು ಕನ್ನಡಕ ತೆಗೆದು ಒರೆಸ್ಕೊಂಡು ನಾಲ್ಕು ಅಂದ್ರು, ಅಷ್ಟೇ. ಭಟ್ರು ಆವತ್ತು ಎಲ್ಲರ ಎಲೆಗೂ ಒಬ್ಬಟ್ಟು ಹಾಕ್ಸಿದ್ರು, ದುಡ್ಡು ತಗೊಳ್ಳಲಿಲ್ಲ. ಅಕ್ಟೋಬರ್ 8ಕ್ಕೆ ದೆಹಲಿಯ ವಿಜ್ಞಾನ ಭವನದಲ್ಲಿ ರಾಷ್ಟ್ರಪತಿ ಕೈಯಿಂದ ರಿಷಬ್ ಪ್ರಶಸ್ತಿ ತಗೊಳ್ಳೋದನ್ನೂ ಇದೇ ಟಿವಿಯಲ್ಲೇ ನೋಡಿದ್ವಿ, ಆವತ್ತು ಕಾಲಿಡೋಕೆ ಜಾಗ ಇರ್ಲಿಲ್ಲ.

ತಿಂಡಿಗೆ ಐದಕ್ಕೆ ನಾಲ್ಕು, ಸಕ್ಕರೆ ಮತ್ತು ಕೈ ತೊಳಿಯೋ ಜಾಗಕ್ಕೆ ಒಂದು ಕಳ್ದಿದೀನಿ. ಕೂರೋಕೆ ಐದಕ್ಕೆ ಐದು. ಭಾನುವಾರ ರಜ. ಗೋಡೆ ಪಕ್ಕದ ಟೇಬಲ್ ಖಾಲಿ ಇದ್ರೂ ಸಂಜೆ ಐದರ ಮೇಲೆ ಅಲ್ಲಿ ಕೂರ್ಬೇಡಿ, ಅದು ಮೇಷ್ಟ್ರದ್ದು. ಎದುರಿನ ಕುರ್ಚೀಲಿ ಕೂತು ಒಂದು ಪ್ಲೇಟ್ ಗೋಳಿಬಜೆ ಹೇಳಿ, ಚೋಮನ ದುಡಿ ವಿಷ್ಯ ತೆಗೀರಿ.