ಸೋಗಾನೆಯೋ, ಮೆಗ್ಗಾನೋ: ಗಾಂಜಾ ಕೇಸಿನ ಹುಡುಗರಿಗಿರುವ ಚಿಕಿತ್ಸೆಯ ದಾರಿ ಹೇಗಿದೆ?

ಶಿವಮೊಗ್ಗದಲ್ಲಿ ‘ಸೊಪ್ಪು’ (ಗಾಂಜಾ) ಸೇದಿ ಸಿಕ್ಕಿಬಿದ್ದ ಇಪ್ಪತ್ತರ ಹುಡುಗನ ಮನೆಯವರಿಗೆ ಮೊದಲು ನೆನಪಾಗುವುದು ಸೋಗಾನೆಯ ಜೈಲು. ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗದ ದಾರಿಯೂ 1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯಲ್ಲೇ ಇದೆ. ಕೇಳುವವರು ಕಮ್ಮಿ.

ಕಲಂ 64-ಎ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯಿರುವ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ವಿನಾಯಿತಿ. ಚಿಕಿತ್ಸೆ ನಡುವೆ ಬಿಟ್ಟರೆ ಆ ವಿನಾಯಿತಿಯನ್ನು ಹಿಂಪಡೆಯಬಹುದು. ಗಾಂಜಾಕ್ಕೆ ಅಲ್ಪ ಪ್ರಮಾಣವೆಂದರೆ 1 ಕೆ.ಜಿ., ಎಂಡಿಎಂಎ ಎಂಬ ರಾಸಾಯನಿಕ ಮಾದಕಕ್ಕೆ ಬರೀ ಅರ್ಧ ಗ್ರಾಂ. ಶುಂಠಿ ಹೊಲದ ನಡುವೆ ನಾಲ್ಕು ಗಿಡ ಬೆಳೆಸಿದವನಿಗೆ ಈ ಬಾಗಿಲಿಲ್ಲ. ಬೆಳೆಯುವುದಕ್ಕೆ 10 ವರ್ಷದವರೆಗೆ ಶಿಕ್ಷೆ. ಸೊಪ್ಪು ಸಿಕ್ಕ ಕೇಸಾದರೆ, ವಶಪಡಿಸಿಕೊಂಡ ಮಾಲಿನ ಪಂಚನಾಮೆಯಲ್ಲಿ ಹೂ-ಕಾಯಿಯ ತುದಿ ಇತ್ತೋ ಇಲ್ಲವೋ ನೋಡಿ. ತುದಿಯಿಲ್ಲದ ಬರೀ ಎಲೆ, ಬೀಜ ಕಾಯ್ದೆಯ ಲೆಕ್ಕದಲ್ಲಿ ಗಾಂಜಾ ಅಲ್ಲ.

ದೊಡ್ಡ ಕೊರತೆ ‘ವ್ಯಸನಿ’ ಎಂಬ ಪದದಲ್ಲೇ ಇದೆ. ದಿನಾ ಸೇದುವವನಿಗೆ ವಿನಾಯಿತಿ, ಜಾತ್ರೆಗೊಮ್ಮೆ ಸೇದಿದವನಿಗೆ ಕೋರ್ಟು! ‘ತಪ್ಪೊಪ್ಪಿ ದಂಡ ಕಟ್ಟಿ ಬಾ’ ಎಂಬ ಸಲಹೆ ಒಂದೇ ದಿನದ ಕೆಲಸ, ನಿಜ. ಆದರೆ ಅದು ಶಿಕ್ಷೆಯೇ, ದಾಖಲೆಯಲ್ಲಿ ಉಳಿಯುತ್ತದೆ. ತಪ್ಪಿತಸ್ಥ ಎಂದಾದ ಮೇಲೂ ವ್ಯಸನಿಯನ್ನು ಕಲಂ 39ರಡಿ, ಅವನ ಒಪ್ಪಿಗೆಯಿದ್ದರೆ, ಮುಚ್ಚಳಿಕೆ ಬರೆಸಿಕೊಂಡು ಚಿಕಿತ್ಸೆಗೆ ಬಿಡಬಹುದು. ವರ್ಷದೊಳಗೆ ವೈದ್ಯರ ವರದಿ ಕೊಡಬೇಕು. ಇದನ್ನು ವಕೀಲರೇ ಎತ್ತಬೇಕು, ತಾನಾಗಿ ಬರುವುದಿಲ್ಲ.

ಗಾಂಜಾ ಬಿಡಿಸಲೆಂದೇ ಪ್ರತ್ಯೇಕ ಔಷಧಿಯಿಲ್ಲ, ಆಪ್ತಸಮಾಲೋಚನೆಯೇ ಮುಖ್ಯ. ಬಿಟ್ಟ ಒಂದೆರಡು ದಿನಕ್ಕೇ ನಿದ್ದೆಗೇಡು, ಸಿಡುಕು, ಊಟ ಸೇರದಿರುವುದು, ರಾತ್ರಿ ಬೆವರು ಶುರುವಾಗುತ್ತದೆ. ಮೊದಲ ವಾರವೇ ಕಷ್ಟದ್ದು, ಓಡಿಹೋಗುವುದೂ ಆಗಲೇ. ದಿನಾ ಸೇದುತ್ತಿದ್ದವನ ಮೂತ್ರದಲ್ಲಿ ಬಿಟ್ಟು ಮೂರ್ನಾಲ್ಕು ವಾರವಾದರೂ ಪಾಸಿಟಿವ್ ಬರಬಹುದು. ಹಾಗಾಗಿ ಒಂದೇ ರಿಪೋರ್ಟ್ ಹಿಡಿದು ‘ಮತ್ತೆ ಸೇದಿದ’ ಎನ್ನುವಂತಿಲ್ಲ.

ಟ್ಯಾಪೆಂಟಡಾಲ್‌ನಂಥ ಮಾತ್ರೆಯ ಚಟ ಬೇರೆಯೇ ಜಾತಿ, ಅದು ಅಫೀಮಿನ ಬಳಗ. ಜೈಲಿನಲ್ಲಿ ತಿಂಗಳುಗಟ್ಟಲೆ ಬಿಟ್ಟಾಗ ಮೈಯ ತಾಳಿಕೆ ಇಳಿದಿರುತ್ತದೆ. ಹೊರಬಂದು ಹಳೇ ಲೆಕ್ಕದಲ್ಲೇ ನುಂಗಿದರೆ ಉಸಿರು ನಿಲ್ಲಬಹುದು. ಜೈಲಿನ ದಾರಿ ಬೇಡ ಎಂದು ನಾವು ಹೇಳುವುದು ಮುಖ್ಯವಾಗಿ ಇದಕ್ಕೇ.

ಚಿಕಿತ್ಸೆ ಕೆಡುವುದು ವಾರ್ಡಿನಲ್ಲಲ್ಲ, ಮರುಭೇಟಿಯಲ್ಲಿ. ಸಾಗರದಿಂದ 70 ಕಿ.ಮೀ. ಆಸುಪಾಸು, ಆಷಾಢದ ಮಳೆಯಲ್ಲಿ, ಕೂಲಿ ಬಿಟ್ಟು ಯಾರು ಬರುತ್ತಾರೆ? ಮಧ್ಯೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ, ಉಚಿತ. ಆದರೆ ಕೋರ್ಟಿಗೆ ಕರೆಯ ಲೆಕ್ಕ ಸಾಲದು. ಪ್ರತಿ ಭೇಟಿಯ ಓಪಿಡಿ ಚೀಟಿಗೆ ಮೊಹರು ಹಾಕಿಸಿ. ಖಾಸಗಿ ಕೇಂದ್ರವಾದರೆ ಹಣ ಕಟ್ಟುವ ಮೊದಲೇ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ನೋಂದಣಿ ಪತ್ರ, ಸರ್ಕಾರದ ಮಾನ್ಯತೆ ಎರಡನ್ನೂ ಕೇಳಿ. ತೋರಿಸಲು ತಡವರಿಸಿದರೆ ಅಲ್ಲಿಂದಲೇ ವಾಪಸ್ ಬನ್ನಿ.