ಹಳೇ ಆಟೋಮ್ಯಾಟಿಕ್ ಕಾರು, ಬಳ್ಳಾರಿ ಬಿಸಿಲು: ನಾಲ್ಕೂವರೆ ವರ್ಷದ ಅನುಭವ

ಗಾಡಿ ತಗೊಂಡು ನಾಲ್ಕೂವರೆ ವರ್ಷ ಆಯಿತು. 2013ರ ಮಾಡೆಲ್, ಪೆಟ್ರೋಲ್, ಟಾರ್ಕ್ ಕನ್ವರ್ಟರ್ (ಇಂಜಿನ್ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಇರುವ ನಾಲ್ಕು ಗೇರಿನ ಆಟೋಮ್ಯಾಟಿಕ್. 2021ರ ಜೂನ್‌ನಲ್ಲಿ ಬೆಂಗಳೂರಿನಿಂದ ತಂದಾಗ ಮೀಟರ್ 45,000 ತೋರಿಸುತ್ತಿತ್ತು. ಈಗ ಲಕ್ಷ ದಾಟಿದೆ. ಕಂಪನಿ ಹೆಸರು ಬೇಕೆಂದೇ ಬರೆದಿಲ್ಲ. ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಯಾವ ಕಂಪನಿಯ ಹಳೇ ಆಟೋಮ್ಯಾಟಿಕ್‌ಗೂ ಹೊಂದುತ್ತದೆ. ಇಂಜಿನ್ ಎಷ್ಟು ಸಿಸಿ, ಡಿಕ್ಕಿ ಎಷ್ಟು ದೊಡ್ಡದು, ಅದೆಲ್ಲ ನಿಮಗೆ ಬೇರೆ ಕಡೆ ಸಿಗುತ್ತದೆ.

ನಾನು ಕುಡತಿನಿಯಲ್ಲಿ ಶಿಕ್ಷಕಿ, ಮನೆ ಬಳ್ಳಾರಿಯಲ್ಲಿ. ದಿನಕ್ಕೆ ಹೋಗಿ ಬರಲು ಸುಮಾರು 40 ಕಿಲೋಮೀಟರ್. ಹೊಸಪೇಟೆ ರಸ್ತೆ ಗೊತ್ತಿರುವವರಿಗೆ ವಿವರಿಸಬೇಕಿಲ್ಲ. ಮುಂದೆ ಅದಿರಿನ ಲಾರಿ, ಹಿಂದೆ ಥರ್ಮಲ್ ಪ್ಲಾಂಟಿನ ಹಾರುಬೂದಿ ಟ್ಯಾಂಕರ್. ಎಡ ಮೊಣಕಾಲು ಕ್ಲಚ್ ಒತ್ತಿ ಒತ್ತಿ ಸೋತಿತ್ತು. ಡಾಕ್ಟರು ಕ್ಲಚ್ ಕಡಿಮೆ ಮಾಡಿ ಅಂದರು. ಹೊಸ ಆಟೋಮ್ಯಾಟಿಕ್ ನಮ್ಮ ಸಂಬಳಕ್ಕೆ ಎಟುಕಲಿಲ್ಲ. ಹಾಗಾಗಿ ಹಳೇದು.

ಮೊದಲ ಒಂದೂವರೆ ವರ್ಷ ಸ್ವರ್ಗ. ಸುಧಾ ಕ್ರಾಸ್ ಗೇಟ್ ಬಿದ್ದರೂ ಬೇಜಾರಾಗುತ್ತಿರಲಿಲ್ಲ. ಎಡಗಾಲು ಆರಾಮಾಗಿ ಮಡಚಿಕೊಂಡು, ಗೂಡ್ಸ್ ರೈಲಿನ ಡಬ್ಬಿ ಎಣಿಸುತ್ತಾ ಕೂರುತ್ತಿದ್ದೆ. ಮೊಣಕಾಲಿನ ಊತ ಎರಡೇ ತಿಂಗಳಲ್ಲಿ ಇಳಿಯಿತು. ಅದೊಂದಕ್ಕೇ ಈ ಗಾಡಿಗೆ ನಾನು ಋಣಿ.

2023ರ ಏಪ್ರಿಲ್ ಮೊದಲ ವಾರ. ಪರೀಕ್ಷೆ ಮುಗಿಸಿ ಮಧ್ಯಾಹ್ನ ಎರಡು ಗಂಟೆಗೆ ಹೊರಟೆ, ಬಿಸಿಲು 40ರ ಮೇಲಿತ್ತು. ಊರೊಳಗೆ ಬರುತ್ತಿದ್ದ ಹಾಗೆ ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಗಾಡಿ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಜರ್ಕ್ ಹೊಡೆಯಿತು. ಸಿಗ್ನಲ್‌ನಲ್ಲಿ ಮತ್ತೆ ಹೊಡೆಯಿತು. ಮನೆ ಮುಂದೆ ರಿವರ್ಸ್ ಹಾಕಿದರೆ ಒಂದು, ಎರಡು ಎಣಿಸುವವರೆಗೆ ಏನೂ ಆಗಲಿಲ್ಲ. ಆಮೇಲೆ ಧಡಕ್ಕನೆ ಹಿಂದೆ ಬಂತು. ಬೆಳಿಗ್ಗೆ ತಣ್ಣಗಿದ್ದಾಗ ಸರಿ, ಮಧ್ಯಾಹ್ನ ಮತ್ತೆ ಅದೇ.

ಇಲ್ಲಿಂದ ನನ್ನ ಸಿಟ್ಟು ಶುರು. ತಂದಾಗಿನಿಂದ ಪ್ರತಿ ವರ್ಷ ಒಂದೇ ದೊಡ್ಡ ಸರ್ವಿಸ್ ಸೆಂಟರ್‌ಗೆ ಕೊಡುತ್ತಿದ್ದೆ. ಪ್ರತಿ ಸಲವೂ ಗೇರ್ ಆಯಿಲ್ ಬಗ್ಗೆ ಕೇಳಿದ್ದೆ. "ಮೇಡಂ, ಅದು ಲೈಫ್‌ಟೈಮ್ ಆಯಿಲ್, ಮುಟ್ಟೋದೇ ಬೇಡ" ಅಂತಿದ್ದರು. ಯಾರ ಲೈಫ್‌ಟೈಮ್ ಅಂತ ಕೇಳಲು ನನಗೆ ಆಗ ತಿಳಿಯಲಿಲ್ಲ. ಜರ್ಕ್ ಶುರುವಾದ ಮೇಲೆ ಅದೇ ಕಡೆ ಹೋದರೆ, ಗೇರ್‌ಬಾಕ್ಸ್ ಇಳಿಸಿ ನೋಡಬೇಕು, ಲಕ್ಷದ ಮೇಲೆ ಹೋಗಬಹುದು ಅಂದರು. ಗಾಡಿ ಕೊಂಡಿದ್ದೇ ಮೂರು ಲಕ್ಷ ನಲವತ್ತು ಸಾವಿರಕ್ಕೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಫೋನಿನಲ್ಲಿ ಗಾಡಿಯ ಮ್ಯಾನ್ಯುಯಲ್ ತೆಗೆದು ಸರ್ವಿಸ್ ಪುಟ ಪೂರ್ತಿ ಓದಿದೆ. ಸಾಮಾನ್ಯ ಬಳಕೆಗೆ ಗೇರ್ ಆಯಿಲ್ ಬರೀ ಚೆಕ್ ಮಾಡಿ ಅಂತ ಇದೆ. ಅದರ ಕೆಳಗೆ ಕಠಿಣ ಬಳಕೆಗೆ ಬೇರೆ ಪಟ್ಟಿ. ವಿಪರೀತ ಬಿಸಿಲು, ಧೂಳು, ನಿಂತು ನಿಂತು ಓಡಿಸುವುದು, ಇವಿದ್ದರೆ 60,000ಕ್ಕೆ ಬದಲಿಸಿ ಅಂತ ಸ್ಪಷ್ಟವಾಗಿ ಬರೆದಿದೆ. ಈ ಮೂರೂ ಇರುವ ಊರು ಬಳ್ಳಾರಿ ಅಲ್ದೆ ಇನ್ಯಾವುದು? ನನ್ನ ಗಾಡಿ ಆಗಲೇ 67,000 ಓಡಿತ್ತು. ಮೊದಲ ದಿನವೇ ಈ ಪುಟ ಓದಿಕೊಳ್ಳದಿದ್ದಕ್ಕೆ ತುಂಬಾ ಬೇಜಾರಾಯಿತು.

ಸಹೋದ್ಯೋಗಿಯೊಬ್ಬರು ಕೌಲ್ ಬಜಾರ್ ಕಡೆಯ ವಯಸ್ಸಾದ ಮೆಕ್ಯಾನಿಕ್ ಒಬ್ಬರ ಹತ್ತಿರ ಕಳಿಸಿದರು. ಎಲ್ಲರೂ ಅವರನ್ನು ಚಾಚಾ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರು ಕಂಪ್ಯೂಟರ್ ಹಚ್ಚಲಿಲ್ಲ. ಇಂಜಿನ್ ಬಿಸಿಯಾಗಿದ್ದಾಗಲೇ ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು, ನನ್ನ ಬ್ಯಾಗಿನಲ್ಲಿದ್ದ ಬಿಳೀ ಹಾಳೆ ಕೇಳಿ ಇಸಿದುಕೊಂಡು ಅದರ ಮೇಲೆ ಒಂದು ಹನಿ ಬಿಡಿಸಿದರು. ಕಡು ಕಂದು. ನಡುವೆ ಕಪ್ಪು ಚುಕ್ಕಿ. ಮೂಗಿನ ಹತ್ತಿರ ಹಿಡಿದು, "ವಾಸನೆ ನೋಡ್ರಿ ಅಮ್ಮಾ, ಸುಟ್ಟೈತಿ. ಆದ್ರ ಪೂರ್ತಿ ಹೋಗಿಲ್ರಿ" ಅಂದರು. ತಳ ಹಿಡಿದ ಒಗ್ಗರಣೆಯ ವಾಸನೆ. ಹೊಸ ಆಯಿಲ್ ಹೇಗಿರುತ್ತದೆ ಅಂತ ಕೇಳಿದೆ. ಡಬ್ಬಿಯಿಂದ ಪಕ್ಕದಲ್ಲೇ ಇನ್ನೊಂದು ಹನಿ ಬಿಟ್ಟರು. ದಾಳಿಂಬೆ ರಸದಂಥ ಕೆಂಪು.

ಆ ಹಾಳೆ ಈಗಲೂ ನನ್ನ ಹತ್ತಿರ ಇದೆ.

ಇಂಥ ಗೇರ್‌ಬಾಕ್ಸಿನಲ್ಲಿ ಆಯಿಲ್ ಬರೀ ಜಾರಿಸಲು ಇರುವುದಲ್ಲ ಅನ್ನುವುದು ನನಗೆ ತಿಳಿದದ್ದು ಅಲ್ಲೇ. ಇಂಜಿನ್ನಿನ ತಿರುಗು ಬಲವನ್ನು ಚಕ್ರದ ಕಡೆ ದಾಟಿಸುವುದು ಅದೇ, ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಡದಿಂದ ಒತ್ತಿ ಹಿಡಿಯುವುದೂ ಅದೇ, ಬಿಸಿ ಹೊರಗೆ ಒಯ್ಯುವುದೂ ಅದೇ. ಕಾದು ಕಾದು ಹಳತಾದರೆ ಪ್ಲೇಟುಗಳ ಹಿಡಿತ ತಪ್ಪುತ್ತದೆ. ಆಗ ಜರ್ಕ್.

ನಾನು ಒಂದೇ ಸಲ ಎಲ್ಲಾ ತೆಗೆದು ಹಾಕಿಬಿಡಿ ಅಂದೆ. ಅವರು ಒಪ್ಪಲಿಲ್ಲ. ನಮ್ಮ ಗಾಡಿಗೆ ಒಟ್ಟು ಸುಮಾರು ಆರು ಲೀಟರ್ ಹಿಡಿಯುತ್ತದೆ. ಕೆಳಗಿನ ಬೋಲ್ಟ್ ಬಿಚ್ಚಿದರೆ ಮೂರೇ ಲೀಟರ್ ಇಳಿಯುವುದು, ಉಳಿದದ್ದು ಟಾರ್ಕ್ ಕನ್ವರ್ಟರ್‌ನಲ್ಲೂ ಕೂಲರ್ ಪೈಪಿನಲ್ಲೂ ನಿಂತಿರುತ್ತದೆ. ಹಾಗಾಗಿ ಮೊದಲ ಸಲ ಬದಲಿಸಿದರೆ ಅರ್ಧ ಹಳೇದು ಉಳಿಯುತ್ತದೆ, ಎರಡನೇ ಸಲಕ್ಕೆ ಕಾಲು ಭಾಗ, ಮೂರನೇ ಸಲಕ್ಕೆ ಎಂಟರಲ್ಲೊಂದು. ಮಷಿನ್ ಹಚ್ಚಿ ಒತ್ತಡದಲ್ಲಿ ತೊಳೆಯುವವರೂ ಇದ್ದಾರೆ. ಇಷ್ಟು ವರ್ಷ ಮುಟ್ಟದ ಗೇರ್‌ಬಾಕ್ಸಿಗೆ ಅದು ಬೇಡ, ಸಾವಿರ ಸಾವಿರ ಕಿಲೋಮೀಟರ್ ಬಿಟ್ಟು ಮೂರು ಸಲ ನಿಧಾನಕ್ಕೆ ಮಾಡೋಣ ಅಂದರು. ನನಗೂ ಅದೇ ಸರಿ ಅನ್ನಿಸಿತು.

ಮೊದಲ ಸಲ ಕೆಳಗಿನ ತಟ್ಟೆ ಬಿಚ್ಚಿದಾಗ ನಾನು ಬಗ್ಗಿ ನೋಡಿದೆ. ಅದರ ತಳದಲ್ಲಿ ಸಣ್ಣ ಅಯಸ್ಕಾಂತಗಳಿವೆ. ಅವುಗಳ ಮೇಲೆ ಕಾಡಿಗೆಯಂಥ ಮೆತ್ತನೆಯ ಕಪ್ಪು ಪುಡಿ ಮೆತ್ತಿಕೊಂಡಿತ್ತು. ಚಾಚಾ ಬೆರಳಿಗೆ ತಗೊಂಡು ಉಜ್ಜಿ ನೋಡಿ, ನನ್ನ ಬೆರಳಿಗೂ ಹಚ್ಚಿದರು. ನುಣ್ಣಗಿದ್ದರೆ ಅದು ಸಹಜ ಸವೆತ, ಹರಳು ಅಥವಾ ಚೂರು ಕೈಗೆ ಚುಚ್ಚಿದರೆ ಆಗ ಹೆದರಬೇಕಂತೆ. ನುಣ್ಣಗಿತ್ತು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಒಂದು ಲೋಟ ಚಹಾ ಕುಡಿದೆ, ಎಷ್ಟೋ ದಿನದಲ್ಲಿ ಮೊದಲ ಸಲ ಬಾಯಿಗೆ ರುಚಿ ಹತ್ತಿತು.

ಖರ್ಚು ಹೇಳಿಬಿಡುತ್ತೇನೆ. ಆಯಿಲ್ ಲೀಟರಿಗೆ 800, ಸಲಕ್ಕೆ ಮೂರು ಲೀಟರ್, ಕೂಲಿ 500. ಮೂರು ಸಲಕ್ಕೆ 8,700. ಮೊದಲ ಸಲ ಫಿಲ್ಟರ್ ಮತ್ತು ಗ್ಯಾಸ್ಕೆಟ್ 1,900. ಒಟ್ಟು 10,600 ರೂಪಾಯಿ. ಫಿಲ್ಟರ್ ಬಳ್ಳಾರಿಯಲ್ಲಿ ಸಿಗಲಿಲ್ಲ, ಬೆಂಗಳೂರಿನಿಂದ ಪಾರ್ಸಲ್ ಬರಲು ಒಂಬತ್ತು ದಿನ ಹಿಡಿಯಿತು. ಹಳೇ ಆಟೋಮ್ಯಾಟಿಕ್ ಇಟ್ಟುಕೊಂಡವರಿಗೆ ನಮ್ಮ ಕಡೆ ಇದೊಂದು ನಿಜವಾದ ಕಷ್ಟ.

ಎರಡನೇ ಸಲ ಬದಲಿಸಿದ ಮೇಲೆ ಜರ್ಕ್ ಅರ್ಧ ಇಳಿಯಿತು. ಮೂರನೇ ಸಲದ ನಂತರ, ಜುಲೈನಲ್ಲಿ, ಸಂಡೂರಿಗೆ ಹೋಗಿ ಬಂದೆವು. ಮಳೆ ಬಿದ್ದು ಗುಡ್ಡ ಎಲ್ಲಾ ಹಸಿರು. ಏರಿನಲ್ಲಿ ಗೇರ್ ಬದಲಾಗಿದ್ದು ಗೊತ್ತೇ ಆಗಲಿಲ್ಲ, ಇಂಜಿನ್ ದನಿ ಇಳಿದಾಗಲೇ ತಿಳಿದದ್ದು. ಪಕ್ಕದಲ್ಲಿದ್ದ ಮಗಳು, "ಅಮ್ಮಾ, ಈಗ ಗುದ್ದಲ್ವಲ್ಲ" ಅಂದಳು.

ಅವಳದೇ ಐಡಿಯಾ ಮುಂದಿನದು. ಚಾಚಾ ಹನಿ ಬಿಟ್ಟಿದ್ದ ಆ ಹಾಳೆಯನ್ನು ತನ್ನ ಹಳೇ ಡ್ರಾಯಿಂಗ್ ಪುಸ್ತಕದಲ್ಲಿ ಅಂಟಿಸಿ ತಾರೀಖು ಬರೆದಳು. ಅಂದಿನಿಂದ ತಿಂಗಳ ಮೊದಲ ಭಾನುವಾರ ಇದು ನಮ್ಮ ಮನೆಯ ಪದ್ಧತಿ. ಮಿರ್ಚಿ-ಒಗ್ಗರಣಿ ತರಲು ಹೋಗಿ ಬಂದ ಮೇಲೆ ಗಾಡಿ ಬಿಸಿಯಾಗಿರುತ್ತದೆ. ಸಮ ನೆಲದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿಕೊಂಡೇ ಗೇರನ್ನು ಒಂದೊಂದಾಗಿ ಎಲ್ಲಾ ಮನೆಗೂ ತೋರಿಸಿ ಪಿ-ಗೆ, ಅಂದರೆ ಪಾರ್ಕಿಂಗ್‌ಗೆ, ತರುತ್ತೇನೆ. ಇಂಜಿನ್ ಓಡುತ್ತಲೇ ಇರಬೇಕು, ಹಾಗಂತ ನಮ್ಮ ಗಾಡಿಯ ಮ್ಯಾನ್ಯುಯಲ್ ಹೇಳುತ್ತದೆ. ಕೆಲವು ಕಂಪನಿಗಳಲ್ಲಿ ಆಫ್ ಮಾಡಿ ನೋಡಬೇಕು, ಕೆಲವಕ್ಕೆ ಡಿಪ್‌ಸ್ಟಿಕ್ಕೇ ಇರುವುದಿಲ್ಲ. ನಿಮ್ಮದನ್ನು ಓದಿಕೊಳ್ಳಿ. ಸೀರೆಯಲ್ಲಿದ್ದರೆ ಸೆರಗು ಬಿಗಿಯಾಗಿ ಸಿಕ್ಕಿಸಿಕೊಳ್ಳಬೇಕು, ಫ್ಯಾನ್ ಯಾವಾಗ ಬೇಕಾದರೂ ತಿರುಗುತ್ತದೆ. ಕಡ್ಡಿ ಎಳೆದು ಒರೆಸಿ, ಮತ್ತೆ ಪೂರ್ತಿ ಒಳಗೆ ಬಿಟ್ಟು ಎಳೆಯುತ್ತೇನೆ. ಬಟ್ಟೆಯ ಎಳೆ ಅಂಟದ ಹಾಗೆ ನುಣುಪು ಬಟ್ಟೆಯೇ ಬೇಕು, ಅದಕ್ಕೆ ಹಳೇ ಪೆಟಿಕೋಟಿನ ತುಂಡು ಇಟ್ಟಿದ್ದೇನೆ. ಮಗಳು ಹಾಳೆ ಹಿಡಿಯುತ್ತಾಳೆ. ಒಂದು ಹನಿ. ಅದು ಹಾಳೆಯಲ್ಲಿ ಹರಡುತ್ತಾ ಅಂಚಿಗೆ ತಿಳಿಯಾಗುವುದನ್ನು ಇಬ್ಬರೂ ನೋಡುತ್ತೇವೆ. ಆಮೇಲೆ ತಿಂಡಿ.

ಪುಸ್ತಕ ತಿರುವಿದರೆ ಮೊದಲು ಚಾಚಾ ಬಿಟ್ಟ ಕಂದು ಹನಿ, ಆಮೇಲೆ ಕೆಂಪು, ಮತ್ತೆ ನಿಧಾನಕ್ಕೆ ಇಟ್ಟಿಗೆ ಬಣ್ಣದ ಕಡೆ. ಬೇಸಿಗೆಯ ಪುಟಗಳಲ್ಲಿ ಬಣ್ಣ ಬೇಗ ಮಾಸುತ್ತದೆ. ಅದನ್ನು ನೋಡಿಯೇ ನಾನು 60,000 ಅನ್ನುವುದನ್ನು ಬಿಟ್ಟು 20,000ಕ್ಕೊಮ್ಮೆ ಮೂರು ಲೀಟರ್ ಬದಲಿಸುವುದು ಅಂತ ಇಟ್ಟುಕೊಂಡೆ. ಕಳೆದ ವರ್ಷ ಹಾಗೇ ಮಾಡಿಸಿದೆ, 2,900 ರೂಪಾಯಿ.

ಒಂದು ಎಚ್ಚರಿಕೆ. ಚಾಚಾ ಊರಲ್ಲಿಲ್ಲದಾಗ ಸ್ವಲ್ಪ ಆಯಿಲ್ ಟಾಪ್‌ಅಪ್ ಮಾಡಿಸಲು ಬೇರೆ ಅಂಗಡಿಗೆ ಹೋಗಿದ್ದೆ. "ಎಲ್ಲಾ ಕೆಂಪು ಆಯಿಲ್ ಒಂದೇ ಮೇಡಂ" ಅಂತ ಕೈಗೆ ಸಿಕ್ಕ ಡಬ್ಬಿ ಎತ್ತಿದರು. ನಾನು ತಡೆದೆ. ಒಂದೇ ಅಲ್ಲ. ಮ್ಯಾನ್ಯುಯಲ್‌ನಲ್ಲಿ ಯಾವ ನಂಬರ್ ಬರೆದಿದೆಯೋ ಅದೇ ಹಾಕಬೇಕು. ಸಿವಿಟಿ (ಗೇರುಗಳ ಬದಲು ಬೆಲ್ಟ್ ಮೇಲೆ ಓಡುವ ಆಟೋಮ್ಯಾಟಿಕ್) ಗಾಡಿಗೆ ಅದರದೇ ಬೇರೆ ಆಯಿಲ್. ಎಎಂಟಿ ಅಂತೂ ಪೂರ್ತಿ ಬೇರೆ ಜಾತಿ, ಅದು ಕೈಯಲ್ಲಿ ಗೇರ್ ಹಾಕುವ ಮಾಮೂಲಿ ಗೇರ್‌ಬಾಕ್ಸಿಗೇ ಕ್ಲಚ್ ಒತ್ತಿ ಗೇರ್ ಬದಲಿಸುವ ಯಂತ್ರ ಕೂರಿಸಿದ್ದು. ನಮ್ಮ ದೇಶದಲ್ಲಿ 2014ರಲ್ಲಿ ಮಾರುತಿಯ ಸೆಲೆರಿಯೊ ಕಾರಿನ ಜೊತೆ ಎಎಂಟಿ ಬಂದ ಮೇಲೆ ಎಲ್ಲರೂ ಎಲ್ಲವನ್ನೂ ಆಟೋಮ್ಯಾಟಿಕ್ ಅಂತಲೇ ಕರೆಯುತ್ತಾರೆ. ಹಳೇ ಗಾಡಿ ಕೊಳ್ಳುವಾಗ ಯಾವುದು ಅಂತ ಮೊದಲು ಕೇಳಿ.

ರೇಡಿಯೇಟರ್ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನಮ್ಮ ಗಾಡಿಯ ಗೇರ್ ಆಯಿಲ್ ತಣ್ಣಗಾಗುವುದು ರೇಡಿಯೇಟರ್ ಕೆಳಭಾಗದಲ್ಲಿ. ಅದಿರಿನ ಕೆಂಪು ಧೂಳು, ಬೂದಿ ಸೇರಿ ಅದರ ಜಾಲರಿಯಲ್ಲಿ ಕೂತರೆ ಇಂಜಿನ್ ಮಾತ್ರವಲ್ಲ, ಗೇರ್‌ಬಾಕ್ಸೂ ಕಾಯುತ್ತದೆ. ಹದಿನೈದು ದಿನಕ್ಕೊಮ್ಮೆ, ಗಾಡಿ ತಣ್ಣಗಿರುವಾಗ ಗಿಡಕ್ಕೆ ನೀರು ಬಿಡುವ ಪೈಪಿನಲ್ಲಿ ಮೆಲ್ಲಗೆ ತೊಳೆಯುತ್ತೇನೆ. ಜೋರು ಪ್ರೆಷರ್ ಬೇಡ, ಜಾಲರಿಯ ತೆಳು ಎಸಳು ಬಾಗುತ್ತವೆ. ಮೊದಲ ಸಲ ತೊಳೆದಾಗ ಇಳಿದ ನೀರು ಕುಂಕುಮ ಕಲಸಿದ ಹಾಗಿತ್ತು. ಕೂಲಂಟ್‌ನಲ್ಲಿ, ಅಂದರೆ ರೇಡಿಯೇಟರ್ ನೀರಿನಲ್ಲಿ, ಯಾವತ್ತಾದರೂ ಗುಲಾಬಿ ಕೆನೆಯಂಥದ್ದು ಕಂಡರೆ ಗಾಡಿ ಓಡಿಸಲೇಬೇಡಿ. ಒಳಗೆ ತೂತಾಗಿ ನೀರು-ಎಣ್ಣೆ ಬೆರೆತಿದೆ ಅಂತ ಅರ್ಥ.

ಓಡಿಸುವ ಅಭ್ಯಾಸದಲ್ಲಿ ಎರಡೇ ಬದಲಾವಣೆ. ಗಾಡಿ ಪೂರ್ತಿ ನಿಲ್ಲುವವರೆಗೆ ಡಿ-ಯಿಂದ (ಮುಂದೆ ಹೋಗುವುದು) ಆರ್-ಗೆ (ರಿವರ್ಸ್) ಹಾಕುವುದಿಲ್ಲ. ಇಳಿಜಾರಿನಲ್ಲಿ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ ಪಿ. ಪಿ ಹಾಕಿದಾಗ ಇಡೀ ಗಾಡಿಯನ್ನು ಹಿಡಿಯುವುದು ಒಳಗಿನ ಒಂದು ಸಣ್ಣ ಕೊಕ್ಕೆ, ಅದರ ಮೇಲೆ ಭಾರ ಬೀಳಬಾರದು.

ಬ್ಯಾಟರಿ ಸತ್ತಾಗ ಓಣಿಯ ಹುಡುಗರು ತಳ್ಳಲು ಬಂದಿದ್ದರು. ಆಟೋಮ್ಯಾಟಿಕ್ ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ, ಅದರ ಆಯಿಲ್ ಪಂಪು ಇಂಜಿನ್ ತಿರುಗಿದರೆ ಮಾತ್ರ ಓಡುವುದು, ಅದು ಓಡದೆ ಒಳಗಿನ ಪ್ಲೇಟುಗಳು ಹಿಡಿಯುವುದಿಲ್ಲ. ಬೇರೆ ಗಾಡಿಯ ಬ್ಯಾಟರಿಯಿಂದ ಕರೆಂಟ್ ತಗೊಳ್ಳುವ ಜಂಪರ್ ಕೇಬಲ್ ಈಗ ಡಿಕ್ಕಿಯಲ್ಲೇ ಇದೆ.

ಬೇಜಾರು ಇಲ್ಲವೇ ಅಂದರೆ ಇದೆ. ಊರೊಳಗೆ ಲೀಟರಿಗೆ ಹನ್ನೊಂದರ ಮೇಲೆ ಕೊಡುವುದಿಲ್ಲ, ಎಸಿ ಹಾಕಿದರೆ ಇನ್ನೂ ಕಡಿಮೆ. ಡಿಸೆಂಬರ್ ಬೆಳಗಿನಲ್ಲಿ ಮೊದಲ ಗೇರ್ ಬದಲಾಗುವಾಗ ಒಂದು ಸಣ್ಣ ತಟ್ಟು ಈಗಲೂ ಇದೆ. ಅದು ಸುಟ್ಟ ಆಯಿಲ್‌ನಲ್ಲಿ ಓಡಿದ ದಿನಗಳ ಗುರುತು, ಹೋಗುವುದಿಲ್ಲ ಅಂತಾರೆ ಚಾಚಾ. ಆ ತಟ್ಟು ಬಂದಾಗಲೆಲ್ಲ ಲೈಫ್‌ಟೈಮ್ ಅನ್ನುವ ಮಾತು ನೆನಪಾಗಿ ಹೊಟ್ಟೆ ಉರಿಯುತ್ತದೆ. ಆದರೂ ಇದೇ ದುಡ್ಡಿಗೆ ಮತ್ತೆ ಕೊಳ್ಳುವುದಾದರೆ ಇಂಥದ್ದನ್ನೇ ಕೊಳ್ಳುತ್ತೇನೆ. ಕೊಳ್ಳುವ ಮೊದಲು ಗಾಡಿ ಬಿಸಿ ಮಾಡಿಸಿ, ಬಿಳೀ ಹಾಳೆಯ ಮೇಲೆ ಒಂದು ಹನಿ ಬಿಡಿಸಿ ನೋಡುತ್ತೇನೆ, ಅಷ್ಟೇ ವ್ಯತ್ಯಾಸ.

ಮುಂದಿನ ಬದಲಾವಣೆ 1,10,000ಕ್ಕೆ. ಅದಕ್ಕೂ ಮುಂಚೆ, ಮಾರ್ಚ್ ಬರುವುದರೊಳಗೆ, ರೇಡಿಯೇಟರ್‌ನ ಎರಡೂ ಹೋಸ್ ಬದಲಿಸಬೇಕು. ಒತ್ತಿ ನೋಡಿದರೆ ರಬ್ಬರ್ ಸ್ವಲ್ಪ ಗಟ್ಟಿಯಾಗಿದೆ.