ಮಿಸ್ಟರ್ ಬೀನ್ ಡಿವಿಡಿ ಸೆಟ್: ಸಿಕ್ಕರೆ ಬಿಡಬೇಡಿ

ಹಳೇ ಡಿವಿಡಿ ಮಾರುವ ಅಂಗಡಿಯೊಂದರಲ್ಲಿ ಮಿಸ್ಟರ್ ಬೀನ್ ಟಿವಿ ಸರಣಿಯ ಸೆಟ್ ಸಿಕ್ಕಿತು, ಜೊತೆಗೆ 1997ರ ಸಿನಿಮಾ ಕೂಡ. ಒಂದು ಡಿಸ್ಕ್ ಮೇಲೆ ಗೀರು ಬಿದ್ದಿದೆ, ನಡುನಡುವೆ ನಿಂತುಬಿಡುತ್ತದೆ. ಕೊಳ್ಳುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಉಳಿದದ್ದೆಲ್ಲ ಚೆನ್ನಾಗಿದೆ.

ಮೊದಲು ಚರ್ಚ್ ದೃಶ್ಯ ಹಾಕಿ. 1990ರ ಜನವರಿ 1ರಂದು ಬಂದ ಮೊದಲ ಕಂತಿನಲ್ಲೇ ಇದೆ. ಬೀನ್‌ಗೆ ಸೀನು ಬರುತ್ತದೆ, ಕರ್ಚೀಫ್ ಇಲ್ಲ, ಕೊನೆಗೆ ಜೇಬಿನ ಒಳಬಟ್ಟೆಯನ್ನೇ ಹೊರಗೆಳೆಯುತ್ತಾನೆ. ಹಾಡಿನ ಸಾಲು ಗೊತ್ತಿಲ್ಲ, ಆದರೆ 'ಅಲ್ಲೆಲೂಯ' ಬಂದ ಕೂಡಲೇ ಎಲ್ಲರಿಗಿಂತ ಜೋರಾಗಿ ಹಾಡುತ್ತಾನೆ! ಮಾತು ಬೇಕೇ ಆಗಲಿಲ್ಲ. ಇಂಗ್ಲಿಷ್ ಬಾರದ ನಮ್ಮಜ್ಜಿ ನನಗಿಂತ ಜಾಸ್ತಿ ನಕ್ಕರು.

ಬೀನ್ ಪಾತ್ರ ಮಾಡಿದ ರೋವನ್ ಅಟ್ಕಿನ್ಸನ್ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಹೆಸರು ಬಂದದ್ದು ಬಿಬಿಸಿಯ 'ನಾಟ್ ದಿ ನೈನ್ ಓ ಕ್ಲಾಕ್ ನ್ಯೂಸ್' ಎಂಬ ಪುಟ್ಟ ಪುಟ್ಟ ಹಾಸ್ಯ ದೃಶ್ಯಗಳ ಕಾರ್ಯಕ್ರಮದಿಂದ, 1979ರಿಂದ 82ರವರೆಗೆ. ಅಲ್ಲಿ ಮಾತಾಡುವ ಗೊರಿಲ್ಲಾ ಕೂಡ ಆಗಿದ್ದರು. ಅದೇ ತಂಡದ ಮೆಲ್ ಸ್ಮಿತ್ ಮುಂದೆ ಬೀನ್ ಸಿನಿಮಾ ನಿರ್ದೇಶಿಸಿದರು, ಎಷ್ಟು ಚೆಂದದ ನಂಟು ಅಲ್ವಾ?

ಸಿನಿಮಾ ಮಾತ್ರ ನನಗೆ ಒಂದು ಮೆಟ್ಟಿಲು ಕೆಳಗೆ. ಟಿವಿಯಲ್ಲಿ ಬೀನ್ ಒಬ್ಬನೇ, ಜೊತೆಗೊಂದು ಟೆಡ್ಡಿ. ಇಲ್ಲಿ ಅಮೆರಿಕದ ಕುಟುಂಬವೊಂದರ ಸಂಕಟಕ್ಕೆ ಜಾಸ್ತಿ ಜಾಗ ಹೋಗಿದೆ. ಆದರೂ ಬೀನ್ ಒಂದು ವರ್ಣಚಿತ್ರದ ಮೇಲೆ ಸೀನಿ, ಅದನ್ನು ಒರೆಸಲು ಹೋಗಿ ಇನ್ನಷ್ಟು ಹಾಳು ಮಾಡುವ ಭಾಗವನ್ನು ನಾನು ಮೂರು ಸಲ ಹಿಂದಕ್ಕೆ ಓಡಿಸಿ ನೋಡಿದೆ.